ಪಕ್ಕದ ಸೀಟಿನ ಆಂಜನಮ್ಮ

ಆಂಜನಮ್ಮ ಒಬ್ಬರೇ ನಡೆದುಹೋಗುವಾಗಲೂ ಅವರ ಎಡ ಮೊಣಕೈ ಮೈಯಿಂದ ತುಸು ದೂರವೇ ನಿಂತಿರುತ್ತದೆ. ಆ ಸಂದಿನಲ್ಲಿ ಇನ್ನೊಂದು ಕೈ ಇನ್ನೇನು ಬಂದು ಸೇರಲಿದೆ ಎಂಬಂತೆ ಅದನ್ನು ತೆರೆದಿಟ್ಟುಕೊಂಡೇ ಅವರು ಲಿಂಗರಾಜಪುರದ ನಮ್ಮ ಓಣಿಯ ಇಳಿಜಾರನ್ನು ಇಳಿಯುತ್ತಾರೆ, ಸೊಪ್ಪಿನ ಗಾಡಿಯ ಮುಂದೆ ನಿಲ್ಲುತ್ತಾರೆ, ಹಾಲಿನ ಬೂತಿನಿಂದ ಹಿಂದಿರುಗುತ್ತಾರೆ. ತುಟಿಯೂ ಸುಮ್ಮನಿರುವುದಿಲ್ಲ. "ಎಡಕ್ಕೆ ಚರಂಡಿ ಕಲ್ಲು. ಅಡ್ಡ ಬೈಕ್ ನಿಲ್ಸವ್ರೆ. ಮುಂದೆ ಇಳಿಜಾರು. ಅಷ್ಟೇ." ಹೊಸದಾಗಿ ಬಾಡಿಗೆಗೆ ಬಂದವರು ಕೆಲವು ದಿನ ಅವರನ್ನು ಅನುಮಾನದಿಂದ ನೋಡುತ್ತಾರೆ. ಒಂದು ಸಂಜೆ ಆ ಮೊಣಕೈಯನ್ನು ಹಿಡಿದು ಚಲುವಯ್ಯನವರು ನಡೆದುಬರುವುದನ್ನು ಕಂಡಾಗ ತಮ್ಮ ಅನುಮಾನಕ್ಕೆ ತಾವೇ ನಾಚುತ್ತಾರೆ.

ಚಲುವಯ್ಯನವರು ಆಂಜನಮ್ಮನವರ ಗಂಡ. ವಿಮಾನ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕೂದಲೆಳೆಯ ಅಳತೆಯಲ್ಲಿ ಲೋಹ ಕಡೆಯುತ್ತಿದ್ದವರು. ಕಣ್ಣಿನೊಳಗಿನ ಒತ್ತಡ ಏರಿ ನರ ಬತ್ತುವ ರೋಗ ಅವರನ್ನು ಸದ್ದಿಲ್ಲದೆ ಹಿಡಿಯಿತು. ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಬಂದು, ನಡುವಿನ ಒಂದು ಕಿಂಡಿಯೂ ಕೊನೆಗೆ ಮುಚ್ಚಿಹೋಯಿತು. ಕಾರ್ಖಾನೆಯವರು ಕೊಟ್ಟಿದ್ದ ಅವರ ನೀಲಿ ಸ್ವೆಟರನ್ನು ಈಗ ಆಂಜನಮ್ಮ ಸೀರೆಯ ಮೇಲೆ ತೊಡುತ್ತಾರೆ; ತೋಳು ಉದ್ದವೆಂದು ಎರಡು ಸುತ್ತು ಮಡಚಿರುತ್ತಾರೆ. ಗಂಡನ ಉಡುಪಿನ ಜೊತೆಗೆ ಗಂಡನ ಕಣ್ಣಿನ ಕೆಲಸವನ್ನೂ ಅವರು ಅಷ್ಟೇ ಸರಳವಾಗಿ, ಸ್ವಲ್ಪ ಮಡಚಿಕೊಂಡು, ತೊಟ್ಟುಕೊಂಡರು.

ಆ ಕೆಲಸಕ್ಕೆ ಅವರದೇ ಒಂದು ವ್ರತವಿತ್ತು. ಕಂಡದ್ದನ್ನು ಹೇಳುವುದು, ಅನ್ನಿಸಿದ್ದನ್ನು ಹೇಳದಿರುವುದು. ಅವರ ಮನೆಯ ಕೆಳಗಿನ ಮನೆಯವಳು ನಾನು. ಹೆರಿಗೆ ಮುಗಿಸಿ ಮಗಳನ್ನು ಮನೆಗೆ ತಂದ ದಿನ ಇಬ್ಬರೂ ನೋಡಲು ಬಂದರು. ಆಂಜನಮ್ಮ ಮಗುವಿನ ಮೇಲೆ ಬಾಗಿ ಗಂಡನಿಗೆ ಒಪ್ಪಿಸಿದರು: "ಹಣೆ ಅಗಲ. ಎಡಗಿವಿ ತುದಿ ಮಡಚಿದೆ. ಮೂಗು ಇನ್ನೂ ಗೊತ್ತಾಗಲ್ಲ. ಬಲಗೈ ಮುಷ್ಟಿ ಬಿಡ್ತಾ ಇಲ್ಲ. ಅಷ್ಟೇ." ಮುದ್ದಾಗಿದೆ ಎಂಬ ಒಂದು ಮಾತಿಗಾಗಿ ಹಸಿ ಬಾಣಂತಿಯಾದ ನಾನು ಕಾದು ಕುಳಿತಿದ್ದೆ. ಅದು ಬರಲಿಲ್ಲ. ತಿಂಗಳುಗಳ ನಂತರ ಮುನಿಸು ಕರಗಿ ನಾನೇ ಕೇಳಿದಾಗ ಅವರು ನಕ್ಕುಬಿಟ್ಟರು. "ಚೆನ್ನಾಗಿದೆ ಅಂದ್ರೆ ಅದು ನನ್ ಕಣ್ಣಾಯ್ತಲ್ಲ ಭವ್ಯ. ಅವ್ರಿಗೆ ಬೇಕಿರೋದು ಅವ್ರ ಕಣ್ಣು. ಚೆಂದಾನೋ ಅಲ್ವೋ ಅವ್ರೇ ಹೇಳ್ಕೊಳ್ಲಿ." ಆ ರಾತ್ರಿ ಈ ಮಾತನ್ನು ದಿನಚರಿಯಲ್ಲಿ ಬರೆದುಕೊಂಡೆ. ಮಗಳ ಕಿವಿಯ ಮಡಿಕೆಯನ್ನು ನಾನೇ ಅದುವರೆಗೆ ಗಮನಿಸಿರಲಿಲ್ಲ ಎಂಬುದನ್ನೂ ಬರೆದೆ.

ಅವರ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಓದು ನಡೆಯುತ್ತಿತ್ತು. ಗಂಡನಿಗೆಂದು ಆಂಜನಮ್ಮ ಗಟ್ಟಿಯಾಗಿ ಓದುತ್ತಿದ್ದುದಕ್ಕೆ ನಾವು ಒಬ್ಬೊಬ್ಬರಾಗಿ ಕಿವಿಗೂಡಿಸಿದೆವು. ಶಿವಾಜಿನಗರದಲ್ಲಿ ಬೈಕಿನ ಸೀಟುಗಳಿಗೆ ಹೊದಿಕೆ ಹೊಲಿಯುವ ಅಹ್ಮದ್ ಪಾಷಾ ಅವರು ಚಲುವಯ್ಯನವರ ಹಳೆಯ ಗೆಳೆಯರು. ಮಹದೇವಪುರದ ಕಂಪನಿಯೊಂದರಲ್ಲಿ ದುಡಿಯುವ ಪದ್ಮಶ್ರೀ ಮೇಲಿನ ಕೋಣೆಯ ಬಾಡಿಗೆಯವಳು. ಗೋಡೆಯ ಗೂಡಿನಲ್ಲಿ ಪುಟ್ಟ ಬುದ್ಧ, ಅದರ ಕೆಳಗೆ ಐದು ದಪ್ಪ ಸಂಪುಟಗಳು. ಮುಳ್ಳುಕೋಟೆಯೆಂಬ ಕಲ್ಪನೆಯ ರಾಜ್ಯ, ಅದರ ಏಳು ತಲೆಮಾರು, ಬೆಂಕಿಯುಗುಳುವ ಹಕ್ಕಿಗಳು, ಯುದ್ಧಗಳು. ಮೊದಲ ಸಂಪುಟವನ್ನು ಚಲುವಯ್ಯ ತಾವೇ ಓದಿದ್ದರು. ಎರಡನೆಯದನ್ನು ಭೂತಗನ್ನಡಿ ಹಿಡಿದು ಓದಿದರು. ಉಳಿದವನ್ನು ಹೆಂಡತಿಯ ಬಾಯಿಂದ ಕೇಳಿದರು. ನಾವು ಕೂಡಿಕೊಂಡ ಮೇಲೆ ಆಂಜನಮ್ಮ ಐದನ್ನೂ ಮೊದಲಿನಿಂದ ಓದಿದರು. ಭೂತಗನ್ನಡಿಯಡಿ ಅವರ ಕಣ್ಣು ಕೊನೆಯದಾಗಿ ಹಿಡಿದ ಪುಟಗಳಲ್ಲಿ ದೋರಣ ಇದ್ದಾನೆ. ದೋರಣ ಕೋಟೆಯ ಮುದಿ ಬಾಗಿಲುಗಾವಲಿನವ. ಸೋತ ಶತ್ರುಗಳ ಗಾಯಾಳುಗಳು ಕಂದಕದಾಚೆ ನರಳುತ್ತಿರುವಾಗ, ಬಾಗಿಲು ತೆರೆಯಕೂಡದೆಂಬ ಸೇನಾಪತಿಯ ಅಪ್ಪಣೆಯನ್ನು ಮೀರಿ, ಅವನೊಬ್ಬನೇ ಸರಪಳಿ ಬಿಟ್ಟು ಮರದ ಸೇತುವೆಯನ್ನು ಇಳಿಸುತ್ತಾನೆ. ಬಾಯಿಬಿಟ್ಟು ಒಂದು ಮಾತೂ ಆಡುವುದಿಲ್ಲ. "ಆಮೇಲೆ ನನ್ಗೇನೂ ಕಾಣಿಸ್ಲಿಲ್ಲ. ಕಾಣಿಸ್ದೆ ಇದ್ರೂ ಪರ್ವಾಗಿಲ್ಲ, ಅದನ್ ನೋಡಿದೀನಲ್ಲ" ಎನ್ನುವುದು ಚಲುವಯ್ಯನವರ ಮಾತು.

ಆ ಕಾದಂಬರಿಗಳು ಸಿನಿಮಾ ಆಗಿ ಬಂದಾಗ ನಮ್ಮ ಭಾನುವಾರದ ಗುಂಪಿನಲ್ಲಿ ಹಬ್ಬ ಹತ್ತಿರವಾದ ಗಡಿಬಿಡಿ. ಮಗುವನ್ನು ಅದರಪ್ಪನ ಕೈಗೊಪ್ಪಿಸಿ, ಹೆರಿಗೆಯ ನಂತರ ಮೊದಲ ಬಾರಿಗೆ ಸಿನಿಮಾಗೆಂದು ನಾನು ಹೊರಬಿದ್ದೆ. ಕೆ.ಆರ್.ಪುರದ ಕಡೆಯ ಮಾಲೊಂದರಲ್ಲಿ ಮೂಲೆಯ ಸೀಟಿನಲ್ಲಿ ಚಲುವಯ್ಯ, ಅವರ ಪಕ್ಕ ಆಂಜನಮ್ಮ, ಅವರ ಪಕ್ಕ ನಾನು; ಪಾಷಾ, ಪದ್ಮಶ್ರೀ ದೂರದ ಸಾಲಿನಲ್ಲಿ. ಪರದೆ ಬೆಳಗಿದ ಕ್ಷಣದಿಂದ ಆಂಜನಮ್ಮನವರ ಪಿಸುಮಾತು ಹರಿಯತೊಡಗಿತು. ಮುಂದಿನ ಸಾಲಿನವನೊಬ್ಬ ತಿರುಗಿ, "ಆಂಟಿ, ನಾವೂ ಕಣ್ ಬಿಟ್ಕೊಂಡೇ ಬಂದಿದೀವಿ" ಎಂದ. "ನೀವ್ ಬಿಟ್ಕೊಂಡಿದೀರಪ್ಪ, ಇವ್ರು ಬಿಟ್ರೂ ಒಂದೇ" ಎಂದು ಅವರು ಮುಂದುವರಿಸಿದರು. ಅವನು ಮತ್ತೆ ತಿರುಗಲಿಲ್ಲ.

ಕಂದಕದ ದೃಶ್ಯ ಬಂತು. ಪರದೆಯ ಮೇಲಿನ ದೋರಣ ಗಾಯಾಳುಗಳನ್ನು ದಿಟ್ಟಿಸಿದ. ಸರಪಳಿಗೆ ಕೈ ಹಾಕಿದ. ಇಳಿದಿದ್ದ ಸೇತುವೆಯನ್ನು ಎಳೆದೆತ್ತಿ ಬಾಗಿಲು ಮುಚ್ಚಿದ. ಸರಪಳಿಯ ಸದ್ದು ಎತ್ತುವಾಗಲೂ ಇಳಿಸುವಾಗಲೂ ಒಂದೇ. ನನ್ನ ಪಕ್ಕದಲ್ಲಿ ಪಿಸುಮಾತು ಕಡಿಯಿತು. ಚಲುವಯ್ಯ ಮುಂದಕ್ಕೆ ಬಾಗಿ, "ಏನಾಯ್ತೇ?" ಎಂದರು. ಆಮೇಲೆ ನಾನು ಕೇಳಿದ್ದು ಇದು: "ಸರಪಳಿ ಬಿಟ್ಟ. ಸೇತುವೆ ಇಳೀತಾ ಇದೆ. ಗಾಯದವ್ರು ತೆವಳ್ಕೊಂಡು ಒಳಗೆ ಬರ್ತಾವ್ರೆ."

ಸಿನಿಮಾದಲ್ಲಿ ಒಂದು ಸೇತುವೆ ಏರಿದರೇನು, ಇಳಿದರೇನು? ಆದರೆ ಈ ಮನುಷ್ಯ ಮಾತ್ರೆ ನುಂಗುವುದು, ಬ್ಯಾಂಕಿನ ಕಾಗದಕ್ಕೆ ರುಜು ಹಾಕುವುದು, ಲಾರಿಗಳ ನಡುವೆ ರಸ್ತೆ ದಾಟುವುದು ಎಲ್ಲವೂ ಇದೇ ಬಾಯಿಯ ಮಾತನ್ನು ನಂಬಿ. ಆ ಬಾಯಿ ಒಮ್ಮೆ ಇಲ್ಲದ್ದನ್ನು ಇದೆ ಎಂದಿತೆಂದು ತಿಳಿದರೆ ಅವರು ಮುಂದಿನ ಹೆಜ್ಜೆಯನ್ನು ಎಲ್ಲಿ ಊರುತ್ತಾರೆ?

ಆ ವಾರವೆಲ್ಲ ಚಲುವಯ್ಯ ಸಂಭ್ರಮದಲ್ಲಿದ್ದರು. ಕಾರ್ಖಾನೆಯ ಹಳೆಯ ಜೊತೆಗಾರರಿಗೆಲ್ಲ ಫೋನು ಮಾಡಿ, "ಮಿಕ್ಕಿದ್ದೆಲ್ಲ ಹೆಂಗಾರ ಇರ್ಲಿ, ದೋರಣನ್ನ ಮಾತ್ರ ಕೆಡಿಸಿಲ್ಲ ನೋಡ್ರಿ" ಎನ್ನುವ ಅವರ ಧ್ವನಿ ಮಹಡಿಯಿಂದ ನನ್ನ ಅಡುಗೆಮನೆಗೆ ಇಳಿಯುವಾಗಲೆಲ್ಲ ನನ್ನ ಕೈಯ ಸೌಟು ನಿಲ್ಲುತ್ತಿತ್ತು. ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಆಂಜನಮ್ಮನವರ ಬಳಿ ಹೋಗಿ, "ಆಂಟಿ, ಅವತ್ತು..." ಎಂದು ಶುರುಮಾಡಿದೆ. ಕ್ಲಿಪ್ಪನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ, "ಗೊತ್ತು. ಸುಮ್ನಿರು" ಎಂದರು. ಪಾಷಾ ಅವರಿಗೂ ಸುಮ್ಮನಿರಲು ಅವರೇ ಹೇಳಿದ್ದರೆಂದು ಆಮೇಲೆ ತಿಳಿಯಿತು. ಪದ್ಮಶ್ರೀ ಆ ವಾರ ಹಗಲೂ ರಾತ್ರಿ ಕಂಪನಿಯಲ್ಲೇ ಇದ್ದಳು, ಅವಳೊಬ್ಬಳಿಗೆ ಹೇಳಲಾಗಲಿಲ್ಲ.

ಭಾನುವಾರ ಬಂತು. ಸಿನಿಮಾದ ಮಾತು ಬಾರದಿರಲೆಂದು ನಾನು ಮಗುವಿನ ಹಲ್ಲಿನ ಸುದ್ದಿ ತೆಗೆದೆ. ಅದು ಎರಡು ನಿಮಿಷಕ್ಕೂ ಸಾಲಲಿಲ್ಲ. ಪಾಷಾ ಅವರಿಗೆ ಸಿನಿಮಾ ಬಹಳ ಹಿಡಿಸಿತ್ತು. "ಅರೇ ಅಣ್ಣ, ಆ ಬೆಂಕಿ ಹಕ್ಕಿ ತಲೆ ಮೇಲಿಂದ ಹೋಯ್ತು ನೋಡಿ, ನಾನ್ ಸೀಟಲ್ಲೇ ಬಗ್ಗಿಬಿಟ್ಟೆ! ಪೈಸಾ ವಸೂಲ್!" ಪದ್ಮಶ್ರೀ ಉರಿದುಬಿದ್ದಳು. "ಏನ್ ಪಾಷಾ ಅಂಕಲ್, ಐದು ಪುಸ್ತಕ ಕೇಳಿದ್ದೀರಾ, ನಿಮಗೆ ಹಕ್ಕಿ ಸಾಕಾ? ರಾಣಿ ಕಥೆ ಅರ್ಧ ಇಲ್ಲ. ಬರೀ ಕುದುರೆ, ಬರೀ ಧೂಳು."

"ಪುಸ್ತಕ ಓದೋಕೆ ಪುಸ್ತಕ ಇದೆಯಲ್ಲಮ್ಮ. ಸಿನಿಮಾದಾಗೆ ಹಕ್ಕಿ ನೋಡ್ಬೇಕು."

ಚಲುವಯ್ಯ ಕೈಯೆತ್ತಿ ಇಬ್ಬರನ್ನೂ ತಡೆದರು. "ಇಬ್ರೂ ಹೇಳೋದು ಇರ್ಲಿ. ಸೇತುವೆ ಇಳಿಸೋದು ಹೆಂಗಿತ್ತು, ಅದನ್ ಹೇಳು ಪದ್ಮ."

"ಎಲ್ಲಿ ಅಂಕಲ್ ಇಳಿಸ್ತಾನೆ? ಅದಕ್ಕೇ ನಂಗೆ ಉರಿದಿದ್ದು. ಎಳ್ದು ಬಾಗಿಲು ಹಾಕ್ಕೊಂಡ್ಬಿಡ್ತಾನಲ್ಲ!"

ಚಲುವಯ್ಯನವರ ಮುಖ ಪದ್ಮಶ್ರೀಯಿಂದ ನಿಧಾನವಾಗಿ ಪಾಷಾ ಅವರ ಕಡೆ ಹೊರಳಿತು. "ಪಾಷಾ, ನಿಂಗ್ ಕಂಡಿದ್ದೇನು?"

"ನಾನಾ? ನಾನ್ ಅಲ್ಲಿ ಸ್ವಲ್ಪ ಕಣ್ಮುಚ್ಚಿದ್ದೆ ಅಣ್ಣ, ಎಸಿ ಜಾಸ್ತಿ ಇತ್ತು..."

"ಇಲ್ಲ ರೀ." ಆಂಜನಮ್ಮನವರ ಧ್ವನಿ ಓದುವಾಗಿನಷ್ಟೇ ಸಮನಾಗಿತ್ತು. "ಅವನು ಇಳಿಸ್ಲಿಲ್ಲ. ನಾನ್ ಇಳಿಸ್ದೆ."

ಚಲುವಯ್ಯನವರ ಬೆರಳುಗಳು ಕುರ್ಚಿಯ ಕೈಯನ್ನು ಸವರತೊಡಗಿದವು. "ಇನ್ನೇನೇನ್ ಮಾಡಿದೀಯ?"

"ಹಲಸೂರು ಕೆರೆ ಹತ್ರ ನಿಮ್ಮ ಹೊಂಗೆ ಮರ ಇಲ್ಲ. ಹೋದ ಮಳೆಗಾಲದಾಗೆ ಬಿತ್ತು. ಇದೆ ಅಂತಿದ್ದೆ."

"ಮತ್ತೆ?"

"ತಲೇಲಿ ಕರೀ ಕೂದ್ಲು ಇನ್ನೂ ಅಲ್ಲಲ್ಲಿ ಐತೆ ಅಂತಿದ್ದೆ. ಒಂದೂ ಇಲ್ಲ."

"ಮತ್ತೆ?"

"ಅಷ್ಟೇ."

ಆ ಪದವನ್ನು ಅವರು ದಿನಕ್ಕೆಷ್ಟೋ ಬಾರಿ ಆಡುತ್ತಿದ್ದರು. ಅದು ನಂಬಿಕೆ ಹುಟ್ಟಿಸದೆ ಕೋಣೆಯಲ್ಲಿ ತೂಗಾಡಿದ್ದನ್ನು ನಾನು ಅಂದೇ ಕಂಡದ್ದು. ಚಲುವಯ್ಯ ಎದ್ದು ಗೋಡೆ ಹಿಡಿದು ಒಳಗೆ ಹೋದರು.

ಅನಂತರದ ದಿನಗಳು ಕಠಿಣವಾಗಿದ್ದವು. ಮಾತ್ರೆಯ ಪಟ್ಟಿಯನ್ನು ಹಿಡಿದು ಮೆಟ್ಟಿಲಿಳಿದು ಬಂದು, "ಇದು ಬಿಳೀದಾ, ಗುಲಾಬೀದಾ ನೋಡಮ್ಮ" ಎಂದು ನನ್ನನ್ನು ಕೇಳುತ್ತಿದ್ದರು. ಹೆಂಡತಿ ಕೊಟ್ಟದ್ದು ಪ್ರತಿ ಬಾರಿಯೂ ಸರಿಯಾಗಿಯೇ ಇರುತ್ತಿತ್ತು. ಒಂದು ಬೆಳಿಗ್ಗೆ ಮೊಣಕೈಯನ್ನು ಒಲ್ಲೆನೆಂದು ಕೋಲೂರಿ ಒಬ್ಬರೇ ಮುಖ್ಯರಸ್ತೆಗೆ ಇಳಿದರು. ನೀರಿನ ಟ್ಯಾಂಕರೊಂದು ಕಿರುಚುತ್ತಾ ನಿಂತಿತು, ಚಾಲಕ ಬೈದ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಗೇಟಿನಲ್ಲಿದ್ದ ನಾನು ಓಡಿದೆ. ನನಗಿಂತ ಮೊದಲೇ, ಅವರಿಗೆ ತಿಳಿಯದಂತೆ, ನಾಲ್ಕು ಹೆಜ್ಜೆ ಹಿಂದೆ ಬರಿಗಾಲಲ್ಲಿ ಆಂಜನಮ್ಮ ನಿಂತಿದ್ದರು. ಬಾಯಿ ಮಾತ್ರ ಬಿಗಿದಿತ್ತು. ಆ ವಾರ ಅವರು ಕಂಡದ್ದನ್ನು ಹೇಳುವುದನ್ನೇ ಬಿಟ್ಟಿದ್ದರು. ಮಹಡಿಯ ಆ ನಿಶ್ಶಬ್ದ ನನ್ನ ಮನೆಯ ಸೂರಿನ ಮೇಲೆ ಕಲ್ಲಿನಂತೆ ಕುಳಿತಿತ್ತು.

ಚಲುವಯ್ಯ ಪಾಷಾ ಅವರನ್ನು ಕರೆದುಕೊಂಡು ಸಿನಿಮಾಗೆ ಮತ್ತೆ ಹೋದರು. ಮಧ್ಯಂತರಕ್ಕೇ ವಾಪಸು ಬಂದರು. "ಏನ್ ಮಾಡ್ಲಿ ಅಕ್ಕ," ಪಾಷಾ ಆಂಜನಮ್ಮನವರ ಮುಂದೆ ಕೈಚೆಲ್ಲಿದರು, "ಕುದುರೆ ಬಂತು ಅಂದೆ. ಎಂಥ ಕುದುರೆ ಅಂದ್ರು. ದೊಡ್ಡದು ಅಂದೆ. ಆಮೇಲೆ ಭಾರಿ ಬೆಂಕಿ ಅಂದೆ. ಎದ್ದೇಬಿಟ್ರು!" ಚಲುವಯ್ಯ ಬಾಗಿಲಲ್ಲೇ ನಿಂತು ಹೆಂಡತಿಯ ದಿಕ್ಕಿಗೆ, "ನಾಳೆ ನೀನ್ ಬಾ. ಇದ್ದಿದ್ ಇದ್ದಂಗೆ ಹೇಳು" ಎಂದರು.

"ಭವ್ಯಾನೂ ಬರ್ಲಿ," ಎಂದರು ಆಂಜನಮ್ಮ. "ನನ್ ಮಾತು ತಪ್ಪಿದ್ರೆ ಅಲ್ಲೇ ಹೇಳ್ತಾಳೆ."

ಸಾಕ್ಷಿಯಾಗಿ ಕುಳಿತು ಸಿನಿಮಾ ನೋಡುವ ಕಷ್ಟ ಯಾರಿಗೂ ಬೇಡ. ಈ ಸಲ ಚಲುವಯ್ಯ ನಮ್ಮಿಬ್ಬರ ನಡುವೆ. ಪಿಸುಮಾತು ಎಂದಿನಂತೆ, ಅಳೆದು ಸುರಿದ ಹಾಲಿನಂತೆ, ಒಂದು ಹನಿ ಹೆಚ್ಚಿಲ್ಲದೆ ಹರಿಯಿತು. ಕಂದಕ ಬಂತು. "ನೋಡ್ತಾವ್ನೆ. ಸರಪಳಿ ಹಿಡ್ದ. ಎಳೀತಾವ್ನೆ. ಸೇತುವೆ ಮೇಲಕ್ ಹೋಯ್ತು. ಗಾಯದವ್ರು ಆಚೇಲೇ ಅವ್ರೆ. ಬಾಗಿಲು ಮುಚ್ಚಿದ." ಚಲುವಯ್ಯ ನನ್ನ ಕಡೆ ತಿರುಗಲಿಲ್ಲ. ನಾನು ಹೂಂ ಎನ್ನಬೇಕಾಗಲೇ ಇಲ್ಲ.

ಹೊರಗೆ ಹಳೇ ಮದ್ರಾಸ್ ರಸ್ತೆಯ ಅಂಚಿನಲ್ಲಿ ಆಟೋಗೆ ಕಾಯುತ್ತಾ ನಿಂತೆವು. "ಕೆಟ್ಟ ಸಿನಿಮಾ," ಎಂದರು ಚಲುವಯ್ಯ. "ದೋರಣನ್ನ ಕೊಂದ್ಹಾಕವ್ರೆ." ಒಂದಷ್ಟು ಬಸ್ಸುಗಳು ಹಾದುಹೋದವು. ಆಮೇಲೆ, ಹಿಂದೆಂದೂ ಹೋಗದ ದಾರಿಯಲ್ಲಿ ಕಾಲಿಡುವವರಂತೆ ಕೇಳಿದರು: "ನಿಂಗ್ ಹೆಂಗನ್ನಿಸ್ತು?"

"ನಂಗಾ?" ಆಂಜನಮ್ಮ ಗಲಿಬಿಲಿಗೊಂಡರು. ಸ್ವೆಟರಿನ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಚಿದರು. "ಮುಚ್ಚಿದ್ದೇ ಸರಿ ಅನ್ನಿಸ್ತು."

"ಏನಂದೆ?"

"ಒಳಗೆ ಹೆಂಗಸ್ರು ಮಕ್ಳು ಇದ್ರಲ್ಲ ರೀ. ಒಬ್ಬ ಮುದುಕನ ಕನಿಕರಕ್ಕೆ ಅವ್ರೆಲ್ಲ ಯಾಕೆ ಹೆದರಿ ಸಾಯ್ಬೇಕು? ಪುಸ್ತಕ ಓದುವಾಗ್ಲೂ ಹಂಗೇ ಅನ್ನಿಸ್ತಿತ್ತು."

"ಇಷ್ಟ್ ವರ್ಷ ಬಾಯಿ ಬಿಡ್ಲಿಲ್ವಲ್ಲೇ!"

"ನೀವ್ ಕೇಳ್ಲಿಲ್ವಲ್ಲ."

"ಮತ್ ಅವತ್ತು ಯಾಕ್ ಇಳಿಸ್ದೆ?"

"ನಿಮ್ ದೋರಣ ಅಲ್ವಾ," ಎಂದರು ಆಂಜನಮ್ಮ. "ನಾನಾಗಿದ್ರೆ ಮುಚ್ತಿದ್ದೆ."

ಚಲುವಯ್ಯ ಗುಡುಗಿದರು. ಗಾಯಾಳು ಯಾರ ಶತ್ರು ಎಂದು ಕೇಳಿದರು. ವಾಸಿಯಾದ ಮೇಲೆ ಕತ್ತಿ ಹಿಡಿಯುವುದು ಯಾರು ಎಂದು ಆಂಜನಮ್ಮ ಕೇಳಿದರು. ಆಟೋದವನು ತಿರುತಿರುಗಿ ನೋಡಿದ. "ಅದೇನ್ ಆಸ್ತಿ ಜಗಳ ಸಾರ್?" ಎಂದ. ಲಿಂಗರಾಜಪುರ ಬರುವವರೆಗೂ ಇಬ್ಬರೂ ಸೋಲಲಿಲ್ಲ. ಆಟೋ ಇಳಿದಾಗ ಚಲುವಯ್ಯನವರ ಕೈ ವಾದ ನಿಲ್ಲಿಸದೆಯೇ ಹೆಂಡತಿಯ ತೋಳನ್ನು ಹುಡುಕಿ ಹಿಡಿದಿತ್ತು. ಹೇಳಿದ್ದಕ್ಕೆಲ್ಲ "ಅಷ್ಟೇ" ಎಂದು ಮುದ್ರೆ ಒತ್ತುವವಳನ್ನು ಅವರು ಇನ್ನೂ ನಂಬುತ್ತಿದ್ದರೋ ಇಲ್ಲವೋ ಹೇಳಲಾರೆ. ತಮಗೆ ಎದುರಾಡಬಲ್ಲವಳನ್ನು ಮಾತ್ರ ಅಂದು ಪೂರಾ ನಂಬಿದರು.

ಇನ್ನೊಬ್ಬರಿಗಾಗಿ ನೋಡುವ ಜನ ಎಲ್ಲೆಡೆ ಇದ್ದಾರೆ. ಮುದುಕರಿಗೆ ಕಾಗದ ಓದಿ ಹೇಳುವವರು, ಕಿವುಡರಿಗೆ ಸನ್ನೆಯಲ್ಲಿ ಜಗತ್ತನ್ನು ಮುಟ್ಟಿಸುವವರು, ಮಾತು ಬಾರದ ಕೂಸಿನ ಹಸಿವನ್ನು ಅದಕ್ಕಿಂತ ಮೊದಲೇ ಅರಿಯುವವರು. ಅವರ ಮಾತು ಕನ್ನಡಿಯಂತೆ ನಿಷ್ಕಳಂಕವಾಗಿರಲಿ ಎಂದು ನಾವು ಬಯಸುತ್ತೇವೆ, ಒಂದು ಕಲೆ ಕಂಡರೆ ಕೆರಳುತ್ತೇವೆ. ಆದರೆ ಕನ್ನಡಿಯ ಹಿಂದೆ ನಿಂತವರಿಗೆ ಅದೇ ದೃಶ್ಯ ಬೇರೆಯಾಗಿ ತೋರಿರಬಹುದು, ನಮ್ಮ ಪ್ರೀತಿಯ ವೀರನನ್ನು ಅವರು ಒಪ್ಪದೆಯೇ ನಮಗಾಗಿ ಹೊತ್ತು ತಂದಿರಬಹುದು ಎಂಬ ಸಂಶಯ ನಮಗೆ ಹುಟ್ಟುವುದು ಬಹಳ ತಡವಾಗಿ. ಅವರು ಒಂದು ಸುಳ್ಳು ಹೇಳಿ ಸಿಕ್ಕಿಬಿದ್ದ ಮೇಲಷ್ಟೇ ನಾವು ಅವರತ್ತ ತಿರುಗಿ, ನಿನಗೆ ಹೇಗನ್ನಿಸಿತು ಎಂದು ಕೇಳುತ್ತೇವೆ.