ಹಲ್ಲಿನ ಟಯರು

ಶಿವಯ್ಯ ಹೆಂಡದಂಗಡಿಯ ಹೊಸ್ತಿಲು ತುಳಿದವನಲ್ಲ. ಅಂಥವನನ್ನು ಮಂಡ್ಯದ ಅಕ್ಕಿ ಗಿರಣಿಯ ವರದರಾಜ, ರಾಜಸ್ಥಾನದ ಮರಳುಗಾಡಿನ ರೇಸಿನಲ್ಲಿ, ನೆರೆದ ಜನರೆದುರು ಕುಡುಕ ಎಂದುಬಿಟ್ಟ. ಎಪ್ಪತ್ತೈದನೆಯ ಇಸವಿಯ ಮಾತು. ಜೀಪು ಓಡಿಸುತ್ತಿದ್ದವನು ವರದರಾಜನೇ. ಪಕ್ಕದಲ್ಲಿ ಕೂತ ಮೆಕ್ಯಾನಿಕ್ ಶಿವಯ್ಯ "ನಿಧಾನ ಬುದ್ದಿ, ನಿಧಾನ" ಎಂದು ಬಾಯಿ ಬಡಿದುಕೊಂಡರೂ ಕೇಳದೆ ದಿಬ್ಬದಿಂದ ಹಾರಿಸಿ ಆಕ್ಸಲ್ ಮುರಿದವನೂ ಅವನೇ. ಪತ್ರಿಕೆಯವರು ಬಂದು ಕೇಳಿದರೆ, "ಮೆಕ್ಯಾನಿಕ್ಕು ಕುಡಿದಿದ್ದ, ನಟ್ಟು ಬಿಗಿಯೋದು ಮರೆತ" ಎಂದು ಹಲ್ಲು ಕಿರಿದ. ಅದು ಅಚ್ಚಾಯಿತು. ಆಮೇಲೆ ಮಂಡ್ಯದಲ್ಲಿ ಒಬ್ಬನೇ ಒಬ್ಬನೂ ಶಿವಯ್ಯನ ಕೈಗೆ ಇಂಜಿನ್ ಒಪ್ಪಿಸಲಿಲ್ಲ. ಹದಿನೆಂಟು ವರ್ಷ ಗ್ರೀಸಿನಲ್ಲಿ ಮುಳುಗಿ ಸಂಪಾದಿಸಿದ ಹೆಸರಿಗೆ ಒಂದೇ ಮಾತಿನಲ್ಲಿ ಮಸಿ ಬಳಿದಾಗಿತ್ತು.

ಅವತ್ತಿನಿಂದ ಶಿವಯ್ಯನಿಗೆ ಬೇಕಿದ್ದುದು ಒಂದೇ. ವರದರಾಜ ಅದೇ ಮರಳಿನಲ್ಲಿ, ಹಾಗೆಯೇ ಜನರೆದುರು, ತಪ್ಪಾಯ್ತು ಅನ್ನಬೇಕು. ಉಣ್ಣುವಾಗ, ಮಲಗುವಾಗ, ಸ್ನಾನ ಮಾಡುವಾಗ ಅದೇ ಧ್ಯಾನ.

ಅದರ ಜೊತೆಗೆ ಇನ್ನೊಂದು ಉರಿ. ತಮ್ಮ ಮರಿಸಿದ್ದಯ್ಯ ವರದರಾಜನ ಶೆಡ್ಡು ಬಿಟ್ಟು ಬರಲಿಲ್ಲ. ಸ್ಪ್ಯಾನರ್ ಹಿಡಿಯುವುದನ್ನು ಅವನಿಗೆ ಕಲಿಸಿದವನೇ ಶಿವಯ್ಯ. "ಮೂರು ಮಕ್ಳವೆ ಕಣಣ್ಣ, ಎಲ್ಲಿಗೋಗ್ಲಿ?" ಎಂದ ತಮ್ಮನ ಮುಖಕ್ಕೆ ಶಿವಯ್ಯ ಬಾಗಿಲು ಹಾಕಿದ. ಮಾತು ನಿಂತು ವರ್ಷವಾಗುತ್ತ ಬಂತು.

ಅಷ್ಟರಲ್ಲಿ ಮಳವಳ್ಳಿಯ ಸಂಪತ್ ಕುಮಾರ ಬಂದ. ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವನು, ಮರಳುಗಾಡಿನಲ್ಲಿ ಎರಡು ವರ್ಷ ಬೆಂದವನು. ಮಿಲಿಟರಿ ಹರಾಜಿನಲ್ಲಿ ತೆಗೆದ ಹಳೆ ಜೀಪೊಂದನ್ನು ಎಳೆಸಿಕೊಂಡು ಬಂದು, "ಈ ಸಲದ ರೇಸಿಗೆ ನಾನು ಓಡಿಸ್ತೀನಿ, ನೀನು ಸಿದ್ಧ ಮಾಡು" ಎಂದ. ಶಿವಯ್ಯ ಎರಡು ಸಲ ಹೇಳಿಸಿಕೊಳ್ಳಲಿಲ್ಲ. ಮದ್ದೂರಿನಲ್ಲಿ ಶಿಂಷಾ ಹೊಳೆ ಪಕ್ಕ ತಗಡಿನ ಶೆಡ್ಡು ಹಾಕಿ ಜೀಪನ್ನು ಮೂಳೆ ಮೂಳೆ ಬಿಚ್ಚಿದ. ಸ್ಪ್ರಿಂಗಿಗೆ ಎರಡೆರಡು ಪಟ್ಟಿ ಹೆಚ್ಚಿಗೆ ಸೇರಿಸಿದ. ಇಂಜಿನ್ನಿಗೆ ಧೂಳು ಹೋಗದಂತೆ, ಆಲೆಮನೆಯಲ್ಲಿ ಕಬ್ಬಿನ ಹಾಲು ಸೋಸುವ ಬಟ್ಟೆಯನ್ನು ತಾಯಿ ಮುದ್ದಮ್ಮನ ಕೈಯಲ್ಲಿ ಎರಡು ಪದರವಾಗಿ ಹೊಲಿಸಿ ಏರ್ ಕ್ಲೀನರಿಗೆ ಸುತ್ತಿದ. ಮುದ್ದಮ್ಮ ಬೈದುಕೊಂಡೇ ಹೊಲಿದುಕೊಟ್ಟಳು.

ಸ್ಪ್ರಿಂಗು, ಗೇರು ಪರೀಕ್ಷೆ ಮಾಡಲು ಜೀಪನ್ನು ಹೊಳೆಗೆ ಇಳಿಸಿದರು. ಆ ದಿನಕ್ಕೆಂದು ಕೈಗೆ ಸಿಕ್ಕ ಹಳೆ ಟಯರು ಹಾಕಿದ್ದರು. ಕಿರಿದಾದವು, ಗದ್ದೆಯ ಕೆಸರಿಗೆ ಹೇಳಿ ಮಾಡಿಸಿದಂತೆ ಉದ್ದುದ್ದ ಹಲ್ಲಿನವು. ಶಿಂಷಾದ ಮರಳು ಮೇಲೆ ಒಣಗಿದ್ದರೂ ಗೇಣುದ್ದ ಕೆಳಗೆ ಒದ್ದೆ, ಗಟ್ಟಿ. ಹಲ್ಲು ಅಲ್ಲಿಗೆ ಕಚ್ಚಿಕೊಂಡು ಜೀಪು ದಿಬ್ಬವನ್ನು ಮೇಕೆಯಂತೆ ಹತ್ತಿತು. ಈ ಸೀಮೆಯವರಿಗೆ ಮರಳು ಎಂದರೆ ಹೊಳೆಯ ಮರಳೇ. ಮರಳುಗಾಡಿನ ಮರಳಿಗೆ ತಳವೇ ಇಲ್ಲ, ಅಲ್ಲಿ ಹಲ್ಲಿನ ಟಯರು ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ, ಅಗಲವಾದ ನುಣುಪು ಟಯರಿಗೆ ಗಾಳಿ ಇಳಿಸಿ ತೇಲಿಸಿಕೊಂಡು ಹೋಗಬೇಕು ಎಂಬುದು ಹೋಗಿ ಬಂದವರಿಗೆ ಮಾತ್ರ ಗೊತ್ತು.

ಮರಿಸಿದ್ದಯ್ಯ ಹೋಗಿ ಬಂದವನಲ್ಲ. ತಾಯಿಯನ್ನು ನೋಡಲು ಬಂದವನು ದಡದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ.

"ಅಬ್ಬಬ್ಬಾ, ಯೆಂಗತ್ತುತ್ತಣ್ಣ! ಅಲ್ಲಿಗೂ ಇದೇ ಟಯರು ಆಕ್ತೀಯಾ?"

ಎಷ್ಟೋ ತಿಂಗಳ ಮೇಲೆ ತಮ್ಮನ ಬಾಯಿಂದ ಬಂದ ಮೊದಲ ಮಾತು. ಶಿವಯ್ಯ ಕೈ ಒರೆಸಿಕೊಂಡ. ಹೊಟ್ಟೆಯೊಳಗಿದ್ದ ಕೆಂಡ ಭಗ್ಗೆಂದಿತು.

"ಊ ಕಣ್ಲಾ. ಇದೇ."

"ಮೊದ್ಲೆಲ್ಲ ಅಗಲದ್ದು ಆಕ್ತಿದ್ಯಲ್ಲಣ್ಣ?"

"ಅದ್ಕೇ ಗೆಲ್ಲಲಿಲ್ಲ. ಓಗು, ನಿಮ್ಮಯ್ನೋರ್ಗೆ ಯೇಳ್ಕೋ."

ಮರಿಸಿದ್ದಯ್ಯ ತಲೆಯಾಡಿಸಿ, ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಹೋದ. ಅವನ ಬೆನ್ನು ಮರೆಯಾಗುತ್ತಲೇ ಮುದ್ದಮ್ಮ ಹತ್ತಿರ ಬಂದಳು.

"ಯಾಕ್ಲಾ ಮಗ ಸುಳ್ಳೇಳ್ದೆ? ನೀನು ಆಕಾದು ಅಗಲದ್ದಲ್ವಾ?"

"ಬುಡವ್ವ."

"ನಿನ್ ತಮ್ಮ ನಿನ್ ಮಾತ ನಂಬ್ಕೊಂಡೇ ಬೆಳ್ದಿದ್ದು ಕಣ್ಲಾ."

"ಬುಡು ಅಂದ್ನಲ್ಲವ್ವ!"

ಸಂಪತ್ ಕುಮಾರನಿಗೂ ಎಲ್ಲ ಕೇಳಿಸಿತ್ತು. "ಇದು ಸರೀನಾ ಶಿವಯ್ಯ?" ಎಂದ. "ನನ್ ಎಸ್ರಿಗೆ ಅವ್ರು ಮಾಡಿದ್ದು ಸರೀನಾ ಸಾರ್?" ಎಂದು ಶಿವಯ್ಯ ತಿರುಗಿಬಿದ್ದ. ಸಂಪತ್ ಕುಮಾರ ಜೀಪನ್ನು ಶೆಡ್ಡಿನ ಕಡೆ ತಿರುಗಿಸಿದ. ಗೆಲ್ಲುವ ಆಸೆ ಯಾರಿಗಿಲ್ಲ?

ತಿಂಗಳು ಕಳೆದು ಸುದ್ದಿ ಬಂತು. ವರದರಾಜನ ಜೀಪಿಗೆ ಹೊಚ್ಚ ಹೊಸ ಹಲ್ಲಿನ ಟಯರು ಬಿದ್ದಿದೆ, ಈ ಸಲ ಜೊತೆಗೆ ಹೋಗುವ ಮೆಕ್ಯಾನಿಕ್ಕು ಮರಿಸಿದ್ದಯ್ಯ. ಶಿವಯ್ಯ ಅವತ್ತು ಎರಡು ಮುದ್ದೆ ಹೆಚ್ಚಿಗೆ ಉಂಡ. ಮುಕ್ಕಲಿ, ಇಬ್ಬರೂ ಮಣ್ಣು ಮುಕ್ಕಲಿ ಎಂದು ಹಾಡಿಕೊಳ್ಳುತ್ತಲೇ ನುಣುಪು ಟಯರುಗಳನ್ನು ತಾಡಪಾಲಿನಲ್ಲಿ ಸುತ್ತಿ ರೈಲಿಗೆ ಏರಿಸಿದ.

ರೇಸಿನ ಮೂರನೆಯ ದಿನ, ಜೈಸಲ್ಮೇರ್ ದಾಟಿ, ಎದುರಿಗೆ ಮರಳಿನ ದೊಡ್ಡ ಏರು. ಅದರ ಬುಡದಲ್ಲಿ ರೇಸಿನವರ ಗುಡಾರ, ಕಾಗದ ಹಿಡಿದ ಅಧಿಕಾರಿಗಳು, ಕ್ಯಾಮೆರಾ ನೇತುಹಾಕಿಕೊಂಡ ಪತ್ರಿಕೆಯವರು. ಏರಿನ ನಡುವೆ ವರದರಾಜನ ಜೀಪು ಆಕ್ಸಲ್ ತನಕ ಹೂತುಹೋಗಿತ್ತು. ವರದರಾಜ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತ ಕೂಗಾಡುತ್ತಿದ್ದ. ಮರಿಸಿದ್ದಯ್ಯ ಮಂಡಿಯೂರಿ, ಕಾದ ಮರಳನ್ನು ಬರಿಗೈಯಲ್ಲಿ ಬಾಚುತ್ತಿದ್ದ. ಬಾಚಿದಷ್ಟೂ ಮರಳು ಮತ್ತೆ ಗುಂಡಿಗೆ ಜಾರುತ್ತಿತ್ತು.

ಶಿವಯ್ಯನ ಎದೆ ಕುಣಿಯಿತು. ಕೊನೆಗೂ ಕಣ್ತುಂಬ ನೋಡಿದನಲ್ಲ! "ನಿಲ್ಸಿ ಸಾರ್, ಒಂದು ಮಾತಾಡ್ಬೇಕು" ಎಂದ. ಸಂಪತ್ ಕುಮಾರ ಜೀಪು ನಿಲ್ಲಿಸಿ, ಇಂಜಿನ್ ಆರಿಸದೆ ಗಡಿಯಾರ ನೋಡಿಕೊಂಡ.

ಶಬ್ದ ಕೇಳಿ ಮರಿಸಿದ್ದಯ್ಯ ಎದ್ದ. ಅಣ್ಣನ ಮುಖ ನೋಡಲಿಲ್ಲ, ಜೀಪಿನ ಟಯರು ನೋಡಿದ. ಹತ್ತಿರ ಬಂದು ಹೆಬ್ಬೆರಳಿನಿಂದ ಒತ್ತಿದ. ಟಯರು ಮೆತ್ತಗೆ ಒಳಕ್ಕೆ ಹೋಯಿತು.

"ಗಾಳೀನೂ ಇಳ್ಸಿದ್ದೀಯ" ಎಂದ.

ಶಿವಯ್ಯ ಸಿದ್ಧ ಮಾಡಿಟ್ಟುಕೊಂಡಿದ್ದ ಮಾತು ತೆಗೆಯುವ ಮೊದಲೇ ತಮ್ಮ ಮುಂದುವರಿಸಿದ.

"ಅಯ್ನೋರು ಬ್ಯಾಡ ಅಂದ್ರು ಕಣಣ್ಣ. ಅಗಲದ್ದೇ ಇರ್ಲಿ ಅಂದ್ರು. ನಾನೇ ಅಟ ಮಾಡ್ದೆ. ನಮ್ಮಣ್ಣ ಆಕ್ತಾವ್ನೆ ಅಂದ್ಮೇಲೆ ತಪ್ಪಾಗಕ್ಕಿಲ್ಲ ಅಂತ, ಮಕ್ಕಳಾಣೆ ಇಟ್ಟು ಒಪ್ಪಿಸ್ದೆ."

ಅವನ ಬೆರಳುಗಳ ಚರ್ಮ ಸುಲಿದು ಹೋಗಿತ್ತು. ಶಿವಯ್ಯ ಜೀಪಿನಿಂದ ಧುಮುಕಿ, ಹಿಂದೆ ಸುತ್ತಿಟ್ಟಿದ್ದ ಹಗ್ಗ ಬಿಚ್ಚತೊಡಗಿದ.

"ಬ್ಯಾಡ" ಎಂದ ಮರಿಸಿದ್ದಯ್ಯ. "ನೀನು ಓಗು. ನಾ ನಂಬಿದ್ದು, ನಾನೇ ತೋಡ್ಕೋತೀನಿ."

"ಮರಿಸಿದ್ದ, ಕೇಳ್ಲಾ ಇಲ್ಲಿ..."

ತಮ್ಮ ಆಗಲೇ ಬೆನ್ನು ತಿರುಗಿಸಿ ಮಂಡಿಯೂರಿದ್ದ. ಸಂಪತ್ ಕುಮಾರ ಹಾರನ್ ಒತ್ತಿದ. ಶಿವಯ್ಯ ಹಗ್ಗ ಹಿಡಿದುಕೊಂಡೇ ಹತ್ತಿ ಕೂತ.

ಜೀಪು ಹೊರಟದ್ದನ್ನು ಕಂಡು ವರದರಾಜ ಟೋಪಿ ಎಸೆದು, ಎಡವುತ್ತ ಓಡಿ ಬಂದ. "ಶಿವಯ್ಯ! ನಿಲ್ಲಯ್ಯ, ಹಗ್ಗ ಹಾಕಿ ಎಳಿಯಯ್ಯ! ಅವತ್ತು ನಂದೇ ತಪ್ಪು, ನೀನು ಕುಡಿದಿರಲಿಲ್ಲ! ಇಗೋ, ಇವರೆಲ್ಲರ ಮುಂದೇ ಹೇಳ್ತಿದೀನಿ, ತಪ್ಪಾಯ್ತು ಕಣಯ್ಯ!"

ಪತ್ರಿಕೆಯವರು ಅದನ್ನು ಬರೆದುಕೊಳ್ಳುತ್ತಿದ್ದರು. ಶಿವಯ್ಯ ಅತ್ತ ನೋಡಲಿಲ್ಲ. ಜೀಪು ಏರನ್ನು ಹತ್ತಿ ಮುಗಿಸುವ ತನಕ ಅವನು ಸೀಟಿನಲ್ಲಿ ಹಿಂದಕ್ಕೆ ತಿರುಗಿ ತಮ್ಮನನ್ನೇ ನೋಡುತ್ತಿದ್ದ. ಮರಿಸಿದ್ದಯ್ಯ ಒಂದು ಸಲವೂ ತಲೆ ಎತ್ತಲಿಲ್ಲ.