ವೀರವೇಣಿಯ ಒಣ ರವಿಕೆ

ಗೋದಾವರಿಯ ಕಾಲುವೆ ಬದಿಯ ಆ ಊರಿನಲ್ಲಿ ಬೆಳಗು ಮಡಕೆಗಳ ಬೆನ್ನ ಮೇಲೆ ಇಳಿಯುತ್ತದೆ. ಚಪ್ಪರದಡಿ ಮಡಕೆಗಳನ್ನು ಬೋರಲು ಹಾಕಿ, ಒಳಗೆ ಒಣ ತೆಂಗಿನ ಗರಿ ಉರಿಸಿ, ಹೆಂಗಸರು ರೇಕು ಎಳೆಯಲು ಕೂರುತ್ತಾರೆ. ಅಕ್ಕಿ ಹಿಟ್ಟಿನ ತೆಳು ನೀರಿನಲ್ಲಿ ಬಟ್ಟೆ ಅದ್ದಿ, ಕಾದ ಮಡಕೆಯ ಮೇಲೆ ಹಾಸಿ, ಒಂದು ಉಸಿರಿನಲ್ಲಿ ಸೆಳೆದರೆ ಬೆಳದಿಂಗಳ ಸಿಪ್ಪೆಯಂಥ ಹಾಳೆಯೊಂದು ಉಳಿಯುತ್ತದೆ. ಅದೇ ರೇಕು. ತುಪ್ಪ ಸವರಿ, ಸಕ್ಕರೆ ಉದುರಿಸಿ ಮಡಚಿದರೆ ಪೂತರೇಕು.

ಮಂಗತಾಯಿ ಎಳೆದ ರೇಕನ್ನು ಮುಖದ ಮುಂದೆ ಹಿಡಿದರೆ ಆಚೆ ನಿಂತವರ ಮೂಗುತಿಯ ಹರಳು ಹೊಳೆಯುವುದು ಕಾಣುತ್ತಿತ್ತು. ಅಂಥ ಕೈ ಅವಳದು. ಅದಕ್ಕೇ ಮನೆಯ ಮೊದಲ ಮಡಕೆ ಅವಳದು. ಎರಡನೆಯದು ಓರಗಿತ್ತಿ ವೀರವೇಣಿಯದು. ಇಬ್ಬರೂ ಸೊಸೆಯರಾಗಿ ಬಂದಾಗಿನಿಂದ ಹಾಗೇ ನಡೆದುಬಂದಿತ್ತು.

ಈಚೆಗೆ ಮಂಗತಾಯಿಯ ರೇಕುಗಳು ತೂತು ಬೀಳತೊಡಗಿದ್ದವು. ಬಟ್ಟೆ ಹಾಸುವ ಹೊತ್ತಿಗೆ ಎದೆಯಿಂದ ಒಂದು ಬಿಸಿ ಏಳುವುದು. ಕುತ್ತಿಗೆ ಹತ್ತುವುದು. ಮುಖ ಕೆಂಡವಾಗುವುದು. ಹಣೆಯಿಂದ ಬೆವರ ಹನಿ ಟಪ್ಪೆಂದು ಬೀಳುವುದು. ಹನಿ ಬಿದ್ದಲ್ಲೆಲ್ಲ ತೂತು.

"ಉರಿ ಜಾಸ್ತಿ ಆಯ್ತು" ಎಂದಳು. ಗರಿ ಕಡಿಮೆ ಮಾಡಿದರು. ಹಾಳೆ ಹಸಿಹಸಿಯಾಗಿ ಬಂತು. "ಮಡಕೆ ಸರಿ ಇಲ್ಲ" ಎಂದಳು. ಹೊಸ ಮಡಕೆ ತಂದರು. ಫ್ಯಾನ್ ಹಾಕಿದ ದಿನ ರೇಕುಗಳೆಲ್ಲ ಹಾರಿ ಹೋಗಿ ಎಮ್ಮೆಯ ಕೊಂಬಿಗೆ ಸಿಕ್ಕಿಕೊಂಡವು.

ಗಂಡ ಅಬ್ಬುಲು ನಕ್ಕ. "ಬೆಂಕಿ ಮುಂದೆ ಕೂತವಳಿಗೆ ಬೆವರು ಬರದೆ ಇನ್ನೇನು ಮಂಜು ಬೀಳುತ್ತೇನೇ?"

ಅವಳೂ ಹಾಗೇ ಅಂದುಕೊಂಡಳು. ಆ ಊರಿನ ಹೆಂಗಸರೆಲ್ಲ ಹಾಗೇ ಅಂದುಕೊಳ್ಳುತ್ತಾರೆ. ಒಲೆಯ ಝಳ ಎಲ್ಲಿಗೆ ಮುಗಿಯಿತು, ಮೈಯ ಝಳ ಎಲ್ಲಿಂದ ಶುರುವಾಯಿತು ಎಂದು ಅವರಿಗೆ ತಿಳಿಯುವುದೇ ಇಲ್ಲ. ಕಾಲುವೆಯ ಎದೆಮಟ್ಟದ ನೀರಿನಲ್ಲಿ ನಿಂತಾಗಲೂ ಅವಳಿಗೆ ಆ ಬಿಸಿ ಬಂದಿತ್ತು. ಯಾರಿಗೂ ಹೇಳಲಿಲ್ಲ. ನಿದ್ದೆ ಹತ್ತುತ್ತಿರಲಿಲ್ಲ, ಸಣ್ಣ ಮಾತಿಗೂ ಸಿಡುಕು. ಮುಟ್ಟು ನಿಂತು ವರ್ಷ ದಾಟಿತ್ತು. ಅದಕ್ಕೂ ಇದಕ್ಕೂ ನಂಟಿದೆ ಎಂದು ಅವಳಿಗೆ ಹೊಳೆಯಲಿಲ್ಲ.

ಅವಳ ಕಣ್ಣಿಗೆ ಬಿದ್ದದ್ದು ವೀರವೇಣಿಯ ರವಿಕೆ.

ಅದೇ ಚಪ್ಪರ, ಅದೇ ಉರಿ, ವಯಸ್ಸೂ ಹೆಚ್ಚುಕಡಿಮೆ ಅದೇ. ತನ್ನ ರವಿಕೆ ಹಿಂಡಿದರೆ ಚೊಂಬು ತುಂಬೀತು, ಅವಳ ರವಿಕೆಯ ಬೆನ್ನು ಮಾತ್ರ ಈಗಷ್ಟೇ ಹಗ್ಗದಿಂದ ತೆಗೆದು ತೊಟ್ಟಂತೆ ಒಣಗಿರುತ್ತಿತ್ತು. ಮಂಗತಾಯಿ ಆ ಬೆನ್ನನ್ನು ದಿನವೂ ನೋಡಿದಳು. ನೋಡಬಾರದು ಎಂದುಕೊಂಡು ನೋಡಿದಳು. ವೀರವೇಣಿಯ ಸಾರು ತಳ ಹಿಡಿದ ದಿನ ಅವಳಿಗೆ ಒಂದು ತುತ್ತು ಹೆಚ್ಚು ಇಳಿಯುತ್ತಿತ್ತು.

ದಸರೆಗೆ ಮುಂಚೆ ಅತ್ತೆ ಕನಕಮ್ಮ ಬಾಯಿಬಿಟ್ಟರು. "ಮಂಗಾ, ಸ್ವಲ್ಪ ದಿನ ನೀನು ಮಡಚೋಕೆ ಕೂತ್ಕೊ. ಮೊದಲ ಮಡಕೆಗೆ ವೀರವೇಣಿ ಕೂರ್ಲಿ."

ಮಡಚುವುದು ಎಳೆ ಹುಡುಗಿಯರ ಕೆಲಸ. ಮಂಗತಾಯಿ ಬಟ್ಟೆಯನ್ನು ಹಿಟ್ಟಿನ ನೀರಿಗೇ ಬಿಟ್ಟಳು. "ಹಾಗಾದ್ರೆ ಹೇಮನ ಸಾರೆ, ಅತ್ತೆ?"

ಹೇಮ ಅವಳ ಒಬ್ಬಳೇ ಮಗಳು, ವೈಶಾಖದಲ್ಲಿ ಮದುವೆ. ಮಗಳನ್ನು ಕಳಿಸಿಕೊಡುವಾಗ ಜೊತೆಗೆ ಹೊರಿಸುವ ಸಿಹಿಯ ಬುಟ್ಟಿಗಳೇ ಸಾರೆ. ಆ ಕಡೆ ಬೀಗರ ಊರಿನ ಹೆಂಗಸರು ಮೇಲಿನ ರೇಕನ್ನು ತೆಗೆದು ಬೆಳಕಿಗೆ ಹಿಡಿದು "ಇದು ಯಾರ ಕೈ?" ಎಂದು ಕೇಳದೆ ಬುಟ್ಟಿ ಇಳಿಸುವುದಿಲ್ಲ.

"ಆಗ ಯಾರ ಕೈ ಚೆನ್ನಾಗಿರುತ್ತೋ ಅವರು ಎಳೀತಾರೆ" ಎಂದರು ಅತ್ತೆ.

ತನ್ನ ಮಗಳ ಸಾರೆಗೆ ಓರಗಿತ್ತಿಯ ಕೈ! ಮಂಗತಾಯಿಯ ಹೊಟ್ಟೆಯೊಳಗೆ ಒಂದು ಮಡಕೆ ಬೋರಲಾಯಿತು, ಯಾರೋ ಕೆಳಗೆ ಗರಿ ಹಚ್ಚಿದರು.

ಆ ಸಂಜೆ ವೀರವೇಣಿ ಹತ್ತಿರ ಬಂದು ಕೂತಳು. "ಅಕ್ಕಾ, ನಂಗೂ ಹೀಗೇ ಆಗ್ತಿತ್ತು. ಗರ್ಭಕೋಶದ ಆಪರೇಷನ್ ಆದ್ಮೇಲಂತೂ ಕೆಂಡದ ಹಾಸಿಗೆ ಮೇಲೆ ಮಲಗಿದ ಹಾಗೆ. ಡಾಕ್ಟರಮ್ಮ ಹಾರ್ಮೋನ್ ಮಾತ್ರೆ ಕೊಟ್ರು, ಈಗ ಆರಾಮಾಗಿದೀನಿ. ಬಾ, ನಿನ್ನೂ ತೋರಿಸ್ಕೊಂಡು ಬರೋಣ."

"ನಂಗೇನಾಗಿದೆ ತೋರಿಸ್ಕೊಳ್ಳೋಕೆ? ಒಲೆ ಬಿಸಿ ಅಷ್ಟೇ."

"ಕಾಲುವೇಲೂ ಒಲೆ ಇತ್ತಾ ಅಕ್ಕಾ?"

"ನನ್ನ ಸ್ನಾನ ಕಾಯ್ಕೊಂಡು ಕೂತಿದ್ಯೇನೇ? ಹೋಗು, ಮೊದಲ ಮಡಕೆ ಸಿಕ್ಕಿದೆಯಲ್ಲ, ಅದನ್ನ ಕಾಯ್ಕೊ!"

ವೀರವೇಣಿ ಎದ್ದು ಹೋದಳು. ಹೋದವಳ ಬೆನ್ನು ಆಗಲೂ ಒಣಗಿಯೇ ಇತ್ತು.

ಡಾಕ್ಟರ ಹತ್ತಿರ ಹೋಗುವುದೆಂದರೆ ವೀರವೇಣಿಯ ಬೆನ್ನ ಹಿಂದೆ ನಡೆಯುವುದು. ಅದು ಮಂಗತಾಯಿಯಿಂದಾಗದು. ಆದರೆ ಆ ಗುಟ್ಟು ಬೇಕು. ಎರಡು ದಿನ ಬಿಟ್ಟು ಕಸದ ಗುಂಡಿಯ ಪಕ್ಕ ವೀರವೇಣಿ ಎಸೆದ ಮಾತ್ರೆಯ ಖಾಲಿ ಪಟ್ಟಿ ಸಿಕ್ಕಿತು. ಸೆರಗಿನಲ್ಲಿ ಗಂಟು ಹಾಕಿಕೊಂಡು ಪಕ್ಕದ ಪೇಟೆಗೆ ಹೋದಳು.

"ಡಾಕ್ಟರ್ ಚೀಟಿ?" ಎಂದ ಔಷಧಿ ಅಂಗಡಿಯವನು.

"ಓರಗಿತ್ತೀದಪ್ಪಾ. ಮನೇಲೇ ಮರೆತು ಕಳಿಸಿದ್ಲು."

ಅವನು ತಲೆಯೆತ್ತದೆ ಕೊಟ್ಟ. ಮಂಗತಾಯಿ ಅದನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಳು. ಕದ್ದ ಒಡವೆಯಂತೆ ದಿನಕ್ಕೊಂದನ್ನು ತೆಗೆದು ನುಂಗಿದಳು.

ಕಾರ್ತಿಕ ಮುಗಿಯುವ ಹೊತ್ತಿಗೆ ಝಳ ಇಳಿಯಿತು. ನಿದ್ದೆ ಬಂತು, ಎಷ್ಟೋ ದಿನ ಮುನಿಸಿಕೊಂಡಿದ್ದ ಮಗುವಿನಂತೆ ಬಂದು ಮಗ್ಗುಲಲ್ಲಿ ಮಲಗಿತು. ರೇಕುಗಳು ಮತ್ತೆ ಮೂಗುತಿ ತೋರಿಸಿದವು. ಅತ್ತೆ ಮೊದಲ ಮಡಕೆಯನ್ನು ಅವಳಿಗೇ ಮರಳಿಸಿದರು. ವೀರವೇಣಿ ಜಾಗ ಬಿಟ್ಟುಕೊಟ್ಟು "ಹುಷಾರಾದೆಯಲ್ಲ ಅಕ್ಕಾ, ಸಾಕು" ಎಂದು ನಕ್ಕಳು. ಆ ನಗುವೇ ಮಂಗತಾಯಿಯ ಖುಷಿಯನ್ನು ಹಾಳುಮಾಡಿತು. ಸೋತವಳು ನಗಬಾರದಿತ್ತು.

ಸಂಕ್ರಾಂತಿಯ ಬೆಳಗ್ಗೆ ಅವಳ ಸೀರೆಯಲ್ಲಿ ರಕ್ತ ಕಂಡಿತು.

ಮೊದಲು ಬೆಚ್ಚಿದಳು. ಆಮೇಲೆ ಕನ್ನಡಿಯ ಮುಂದೆ ನಿಂತು ತನ್ನನ್ನೇ ನೋಡಿಕೊಂಡಳು. ಹೋದ ಪ್ರಾಯ ಮರಳಿ ಬಂದಿದೆ! ಗರ್ಭಕೋಶವೇ ಇಲ್ಲದ ವೀರವೇಣಿಗೆ ಇದು ಎಷ್ಟು ಮಾತ್ರೆ ನುಂಗಿದರೂ ಸಿಗದು. ಅಂಗಳದಲ್ಲಿ ವೀರವೇಣಿ ರಂಗೋಲಿಯ ನಡುವೆ ಸೆಗಣಿ ಉಂಡೆಯ ಗೊಬ್ಬೆಮ್ಮನನ್ನು ಇಟ್ಟು ಕುಂಬಳದ ಹೂ ಸಿಕ್ಕಿಸುತ್ತಿದ್ದಳು. ಮಂಗತಾಯಿ ಸುಮ್ಮನೆ ಹಾದುಹೋದವಳಂತೆ ನಿಂತಳು.

"ಇವತ್ತು ನಾನು ಪೂಜೆಗೆ ಬರಲ್ಲಪ್ಪ. ಆಚೆ ಕೂತಿದೀನಿ."

"ಆಚೆನಾ?"

"ಹ್ಞೂಂ. ಕೆಲವರಿಗೆ ಪ್ರಾಯ ಅಷ್ಟು ಸುಲಭಕ್ಕೆ ಬಿಟ್ಟು ಹೋಗಲ್ಲ ನೋಡು."

ವೀರವೇಣಿಯ ಕೈಯಿಂದ ಹೂ ಜಾರಿತು. "ಅಕ್ಕಾ, ನಿಂಗೆ ನಿಂತು ಎರಡು ವರ್ಷ ಆಗ್ತಾ ಬಂತಲ್ಲ. ನಿಜ ಹೇಳು, ಏನು ತಗೋತಿದೀಯ?"

"ಏನೂ ಇಲ್ಲ."

"ಹೇಮನ ಮೇಲಾಣೆ ಇಟ್ಟು ಹೇಳು."

ಮಗಳ ಮೇಲೆ ಸುಳ್ಳು ಆಣೆ ಇಡುವುದು ಮಂಗತಾಯಿಯಿಂದಾಗದು. ಕೊನೆಗೆ ಸಿಡಿದೇ ಹೋದಳು. "ನೀನು ನುಂಗೋದನ್ನೇ ಕಣೇ! ನಿನ್ನ ಒಣ ರವಿಕೆ ನೋಡಿ ನೋಡಿ ನನ್ನ ಹೊಟ್ಟೆ ಸುಟ್ಟು ಹೋಯ್ತು. ನನ್ನ ಮಗಳ ಸಾರೆಗೆ ನೀನು ಕೈ ಹಾಕ್ತೀಯ ಅಂದ್ರೆ ನಾನು ಸುಮ್ನೆ ಕೂರಬೇಕಿತ್ತಾ?"

ವೀರವೇಣಿ ನೆಲದ ಮೇಲೇ ಕೂತಳು.

"ನಾನೂ ಸುಟ್ಕೊಂಡಿದೀನಿ ಅಕ್ಕಾ. ನಂಗೆ ಇಬ್ಬರೂ ಗಂಡು ಮಕ್ಕಳೇ. ಸಾರೆ ಕಳಿಸೋಕೆ ನಂಗ್ಯಾರಿದಾರೆ? ಅತ್ತೆ ಮೊದಲ ಮಡಕೆ ಕೊಟ್ಟ ದಿನ ಹೇಮನ ಸಾರೆ ನಾನೇ ಎಳೀತೀನಿ ಅಂತ ಎಷ್ಟು ಹಿಗ್ಗಿದ್ದೆ ಗೊತ್ತಾ? ನಿಂಗೆ ಹುಷಾರಾದಾಗ ನಕ್ಕೆನಲ್ಲ, ಒಳಗೆ ಹೋಗಿ ಅತ್ತುಬಿಟ್ಟೆ." ಅವಳು ಕಣ್ಣೊರೆಸಿಕೊಂಡು ಎದ್ದಳು. "ಇರ್ಲಿ, ಜಗಳ ಆಮೇಲೆ ಆಡೋಣ. ನಂಗೆ ಡಾಕ್ಟರಮ್ಮ ಹೇಳಿದ್ರು, ಈ ಮಾತ್ರೆ ಗರ್ಭಕೋಶ ಇಲ್ಲದವರಿಗೆ ಮಾತ್ರ ಅಂತ. ನಿಂಗಿದೆ. ಮೊದಲು ನಡಿ."

ಆಸ್ಪತ್ರೆಗೆ ಅಬ್ಬುಲು ಬಂದ, ಬೇಡವೆಂದರೂ ಅತ್ತೆಯೂ ಬಂದರು. ಡಾಕ್ಟರ್ ಪದ್ಮಜ ಎಲ್ಲವನ್ನೂ ಕೇಳಿದರು, ಸ್ಕ್ಯಾನ್ ಮಾಡಿಸಿದರು, ಗರ್ಭಕೋಶದ ಒಳಪೊರೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗಿನ ದಿನಗಳಲ್ಲಿ ಮಂಗತಾಯಿ ಮಡಕೆಯ ಹತ್ತಿರ ಸುಳಿಯಲಿಲ್ಲ. ಮಗಳ ಮದುವೆ ನೋಡುತ್ತೇನೋ ಇಲ್ಲವೋ ಎಂಬುದೊಂದೇ ಯೋಚನೆ. ಅಷ್ಟು ದಿನವೂ ಅವಳ ಪಕ್ಕ ಮಲಗಿದವಳು ವೀರವೇಣಿ.

"ಕ್ಯಾನ್ಸರ್ ಇಲ್ಲ" ಎಂದರು ಡಾಕ್ಟರ್, ಎಲ್ಲರಿಗೂ ಉಸಿರು ಬಂತು. "ಆದರೆ ಪೊರೆ ದಪ್ಪ ಆಗಿದೆ. ಹೀಗೇ ಬಿಟ್ಟಿದ್ರೆ ಮುಂದೆ ಕ್ಯಾನ್ಸರ್ ಕೂಡ ಆಗಬಹುದಿತ್ತು. ಮಂಗತಾಯಮ್ಮ, ಮಡಕೆಯನ್ನ ಆಗಾಗ ಒರೆಸದೆ ಒಂದರ ಮೇಲೊಂದು ಹಿಟ್ಟು ಹಾಸ್ತಾ ಹೋದ್ರೆ ಏನಾಗುತ್ತೆ?"

"ಪದರ ಕಟ್ಟುತ್ತೆ. ಮಡಕೆ ಕೆಡುತ್ತೆ."

"ಗರ್ಭಕೋಶವೂ ಅಷ್ಟೇ. ನೀವು ನುಂಗಿದ್ದು ಈಸ್ಟ್ರೋಜೆನ್. ಅದು ಝಳ ಇಳಿಸುತ್ತೆ, ಆದರೆ ಒಳಗೆ ಪದರ ಬೆಳೆಸುತ್ತೆ. ಪದರ ಬೆಳೆಯದ ಹಾಗೆ ತಡೆಯೋದು ಇನ್ನೊಂದು ಹಾರ್ಮೋನ್, ಪ್ರೊಜೆಸ್ಟೆರಾನ್. ವೀರವೇಣಿಗೆ ಮಡಕೆಯೇ ಇಲ್ಲ, ಅವರಿಗೆ ಒಂದೇ ಸಾಕು. ಗರ್ಭಕೋಶ ಇರೋರಿಗೆ ಎರಡೂ ಬೇಕು."

ಅತ್ತೆ ಮೂಗು ಮುರಿದರು. "ನಾವೆಲ್ಲ ಮಾತ್ರೆ ನುಂಗಿದ್ವಾ ತಾಯಿ? ಮುಟ್ಟು ನಿಂತಾಗ ಮೈ ಕಾಯೋದು ಇದ್ದದ್ದೇ."

"ಇದ್ದದ್ದೇ ಅಜ್ಜಿ. ತಡ್ಕೊಳ್ಳೋಕೆ ಆಗೋರಿಗೆ ಔಷಧಿ ಬೇಡವೇ ಬೇಡ. ನಿದ್ದೆ, ಕೆಲಸ, ನೆಮ್ಮದಿ ಎಲ್ಲ ಕೆಡ್ತಿದ್ರೆ ಯಾಕೆ ಒದ್ದಾಡಬೇಕು?"

"ಇದರಿಂದ ಎದೆ ಕ್ಯಾನ್ಸರ್ ಬರುತ್ತೆ ಅಂತ ಟೀವೀಲಿ ಹೇಳ್ತಿದ್ರು" ಎಂದ ಅಬ್ಬುಲು.

"ಪೂರ್ತಿ ಸುಳ್ಳಲ್ಲ. ಎರಡು ಹಾರ್ಮೋನ್ ಸೇರಿಸಿ ವರ್ಷಗಟ್ಟಲೆ ತಗೊಂಡ್ರೆ ಸ್ವಲ್ಪ ಅಪಾಯ ಇದೆ. ಅದಕ್ಕೇ ಮೊದಲು ತೂಗಿ ನೋಡ್ತೀವಿ. ಎದೆ ಕ್ಯಾನ್ಸರ್ ಆಗಿದ್ದೋರು, ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದೋರು, ಪಾರ್ಶ್ವವಾಯು, ಹೃದಯದ ತೊಂದರೆ, ಲಿವರ್ ಕಾಯಿಲೆ ಇರೋರು, ಇಂಥವರಿಗೆ ಸಾಮಾನ್ಯವಾಗಿ ಕೊಡಲ್ಲ. ಹಾರ್ಮೋನ್ ಇಲ್ಲದ ಬೇರೆ ಔಷಧಿಗಳೂ ಇವೆ. ಮುಟ್ಟು ನಿಂತ ಹೊಸತರಲ್ಲಿ, ಆರೋಗ್ಯವಾಗಿರೋ ಎಷ್ಟೋ ಜನಕ್ಕೆ ಇದರಿಂದ ತೊಂದರೆಗಿಂತ ಅನುಕೂಲವೇ ಜಾಸ್ತಿ. ಮೂಳೆಗೂ ಒಳ್ಳೇದು. ಆದರೆ ಯಾರಿಗೆ, ಯಾವುದು, ಎಷ್ಟು ದಿನ ಅನ್ನೋದನ್ನ ಅವರವರ ಮೈ ನೋಡಿಯೇ ಹೇಳಬೇಕು."

ಕದ್ದು ನುಂಗುತ್ತಿದ್ದ ಮಾತ್ರೆ ಅಂದೇ ನಿಂತಿತು. ಪೊರೆ ತೆಳುವಾಗಲು ಔಷಧಿ ಶುರುವಾಯಿತು. ಝಳ ಮತ್ತೆ ಬಂತು. ಮಂಗತಾಯಿ ಅದನ್ನು ಈ ಸಲ ಒಲೆಯ ತಲೆಗೆ ಕಟ್ಟಲಿಲ್ಲ. "ಬಂತು ನೋಡಿ" ಎಂದು ಎಲ್ಲರ ಮುಂದೆ ಹೇಳಿ ಎದ್ದು ಹೋಗಿ ಮುಖ ತೊಳೆದು ಬರುತ್ತಿದ್ದಳು. ಅಬ್ಬುಲು ನಗುವುದನ್ನು ಬಿಟ್ಟು ನೀರಿನ ಚೊಂಬು ಹಿಡಿದು ನಿಲ್ಲುತ್ತಿದ್ದ. ಚೈತ್ರದಲ್ಲಿ ಡಾಕ್ಟರ್ ಮತ್ತೆ ಪರೀಕ್ಷಿಸಿದರು. ಪೊರೆ ಸರಿಹೋಗಿತ್ತು. ರಕ್ತದೊತ್ತಡ ನೋಡಿ, ಎದೆ ಪರೀಕ್ಷೆ ಮಾಡಿಸಿ, ಮನೆತನದ ಕಾಯಿಲೆಗಳನ್ನೆಲ್ಲ ಕೇಳಿ ಎರಡೂ ಹಾರ್ಮೋನ್ ಇರುವ ಔಷಧಿಯನ್ನು ಅವಳದೇ ಹೆಸರಿನ ಚೀಟಿಯಲ್ಲಿ ಬರೆದುಕೊಟ್ಟರು.

ವೈಶಾಖ ಬಂತು. ಸಾರೆಯ ರೇಕು ಎಳೆಯುವ ದಿನ ಮಂಗತಾಯಿ ಮೊದಲ ಮಡಕೆಯ ಮುಂದೆ ಕೂತಳು. ಹೊಸ ಔಷಧಿಗೆ ಝಳ ಬಹಳ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಮೇಲಿನ ಹಾಳೆಗೆಂದು ಬಟ್ಟೆ ಅದ್ದಿ ಎತ್ತಿದಾಗಲೇ ಎದೆಯಿಂದ ಅದು ಎದ್ದಿತು. ಹಣೆಯ ಮೇಲೆ ಹನಿ ಮೂಡಿತು. ಬಟ್ಟೆ ಮಡಕೆಯ ಮೇಲಿದೆ, ಕೈ ಬಿಡುವಂತಿಲ್ಲ.

ಪಕ್ಕದ ಮಡಕೆಯಿಂದ ಒಂದು ಸೆರಗು ಬಂದು ಆ ಹನಿಯನ್ನು ಎತ್ತಿಕೊಂಡಿತು.

"ಎಳಿ ಅಕ್ಕಾ" ಎಂದಳು ವೀರವೇಣಿ.

ಎಳೆದಳು. ಅಜ್ಜಿಯರ ಕಥೆಯಲ್ಲಿ ಉಂಗುರದೊಳಗೆ ತೂರುವ ಸೀರೆ ಇರುತ್ತದಲ್ಲ, ಅದಕ್ಕಿಂತ ತೆಳ್ಳಗೆ ಬಂತು ಹಾಳೆ. ಬೀಗರ ಊರಿನಲ್ಲಿ ಮುದುಕಿಯೊಬ್ಬಳು ಅದನ್ನು ಸೂರ್ಯನಿಗೆ ಹಿಡಿದು ಕೇಳಿದಳು. "ಇದು ಯಾರ ಕೈ?"

"ನನ್ನದು" ಎಂದಳು ಮಂಗತಾಯಿ. ಒಂದು ಕ್ಷಣ ತುಟಿ ಕಚ್ಚಿದಳು. ಹೇಳಲು ಅವಳಿಗೆ ಸುಲಭವಿರಲಿಲ್ಲ. "ನನ್ನದು ಮತ್ತೆ ನನ್ನ ಓರಗಿತ್ತೀದು. ಅವಳು ಬೆವರು ಒರೆಸದಿದ್ರೆ ಇದು ತೂತು ಬೀಳ್ತಿತ್ತು."

ಇವತ್ತಿಗೂ ವೀರವೇಣಿಯ ರೇಕು ಒಂದು ಎಳೆ ತೆಳ್ಳಗೆ ಬಂದ ದಿನ ಮಂಗತಾಯಿಯ ಮುಖ ಗಂಟಾಗುತ್ತದೆ. ಅದಕ್ಕೆ ಡಾಕ್ಟರಮ್ಮನ ಹತ್ತಿರವೂ ಔಷಧಿ ಇಲ್ಲ. ಆದರೆ ಊರಿನಲ್ಲಿ ಯಾರಾದರೂ "ಒಲೆ ಬಿಸಿ" ಎಂದು ಸೆರಗಿನಿಂದ ಗಾಳಿ ಹಾಕಿಕೊಂಡರೆ ಸಾಕು, ಅತ್ತೆ ಕನಕಮ್ಮನೇ ಜಗಲಿಯಿಂದ ಕೂಗುತ್ತಾರೆ. "ಒಲೆಯೋ ಮೈಯೋ ಮೊದಲು ನೋಡ್ಕೊಳ್ಳೇ! ನನ್ನ ಸೊಸೇರನ್ನ ಕೇಳು, ಕರ್ಕೊಂಡು ಹೋಗ್ತಾರೆ."

ಅಕ್ಕಂದಿರೇ, ಅಮ್ಮಂದಿರೇ, ನಿಮ್ಮ ಒಲೆ ಯಾವುದೇ ಇರಲಿ, ಗದ್ದೆ ಇರಲಿ, ಹೊಲಿಗೆ ಯಂತ್ರವಿರಲಿ, ಕಚೇರಿಯ ಕುರ್ಚಿಯಿರಲಿ, ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಕಾದರೆ, ನಿದ್ದೆ ಕೆಟ್ಟರೆ ಬಾಯಿಬಿಟ್ಟು ಹೇಳಿ. ಆಶಾ ಕಾರ್ಯಕರ್ತೆಗೆ ಹೇಳಿ, ಡಾಕ್ಟರಿಗೆ ತೋರಿಸಿ. ಹಾರ್ಮೋನ್ ಔಷಧಿಗೆ ಹೆದರಿ ಓಡಬೇಡಿ, ಪಕ್ಕದ ಮನೆಯವಳ ಮಾತ್ರೆಗೆ ಆಸೆಪಟ್ಟು ಕೈ ಚಾಚಲೂ ಬೇಡಿ. ಅವಳ ಮೈಯ ಕಥೆ ಬೇರೆ, ನಿಮ್ಮದು ಬೇರೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಪ್ರಾಯ ಮರಳಿದ ಗುರುತಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಿ. ಒಬ್ಬಳೇ ಹೋಗಲು ಅಂಜಿಕೆಯಾದರೆ ನಿಮಗೆ ಯಾರ ಮೇಲೆ ಹೊಟ್ಟೆಕಿಚ್ಚಿದೆಯೋ ಅವಳನ್ನೇ ಜೊತೆಗೆ ಕರೆಯಿರಿ. ಅವಳು ಬಂದರೂ ಬಂದಾಳು.