ಫುಸಿಯ ಎರಡು ನಿಮಿಷ

ತೋಂಗಾದ ವಾವಾಊ ದ್ವೀಪದ ಶಾಲೆಯಲ್ಲಿ ಲೋಸೇಲಿ ಟೀಚರ್ ಮೂವತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದಾರೆ. ಅಲ್ಲಿನ ಗೌರವದ ಉಡುಗೆಯಂತೆ ಸೀರೆಯ ಸೆರಗಿನಷ್ಟೇ ಸಹಜವಾಗಿ ಸೊಂಟಕ್ಕೆ ನೇಯ್ದ ಚಾಪೆ ಬಿಗಿದು ತರಗತಿಗೆ ಕಾಲಿಟ್ಟರೆಂದರೆ ನೊಣ ಕೂಡ ಕೈಕಟ್ಟಿ ಕೂರಬೇಕು. ಅಂಥ ಟೀಚರನ್ನೇ ಈ ವರ್ಷ ಒಬ್ಬ ಹುಡುಗಿ ಸೋಲಿಸಿದ್ದಳು.

ಹನ್ನೆರಡು ವರ್ಷದ ಫುಸಿ ಬರೆಯುವುದರಲ್ಲಿ ಗಟ್ಟಿಗಿತ್ತಿ. ಎದ್ದು ನಿಂತು ಮಾತಾಡು ಎಂದರೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಶುಕ್ರವಾರದೊಳಗೆ ಪ್ರತಿ ಮಗುವೂ ತನ್ನ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ಇಲ್ಲವಾದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ!

"ಹಟಮಾರಿ ಕಣೇ ಅದು. ಕೋಲು ತೋರಿಸಿದ್ರೂ ಬಾಯಿ ಬಿಡಲ್ಲ," ಬೇಯಿಸಿದ ದೀವಿಹಲಸು ಮುರಿಯುತ್ತಾ ಲೋಸೇಲಿ ಗೊಣಗಿದರು.

ಪಕ್ಕದಲ್ಲಿದ್ದ ಕಿರಿಯ ಟೀಚರ್ ಕಾಲೋ ನಕ್ಕಳು. "ಹಟಾನೋ ಸಂಕೋಚಾನೋ, ಯಾರಿಗ್ಗೊತ್ತು ಅಕ್ಕಾ? ನಿಮ್ಮ ಫೋನಲ್ಲಿ ದನಿ ರೆಕಾರ್ಡ್ ಮಾಡ್ಬಹುದು. ಅವಳೊಬ್ಬಳನ್ನೇ ಕೂರಿಸಿ ಮಾತಾಡೋಕೆ ಬಿಡಿ."

"ಫೋನೇ ಪಾಠ ಮಾಡಿದ್ರೆ ನಾನ್ಯಾಕೆ? ಮನೇಲಿ ಚಾಪೆ ನೇಯ್ತಾ ಕೂರ್ಲಾ?"

"ಪಾಠ ನಿಮ್ದೇ ಅಕ್ಕಾ. ಇಲ್ನೋಡಿ, ಈ ನಿಘಂಟಲ್ಲಿ ಪದ ಒತ್ತಿದ್ರೆ ಉಚ್ಚಾರಣೆ ಕೇಳ್ಸುತ್ತೆ. ಈ ಕಥೆಗಳನ್ನ ಸಿಗ್ನಲ್ ಇದ್ದಾಗ ಇಳಿಸ್ಕೊಂಡ್ರೆ ಆಮೇಲೆ ಇಂಟರ್ನೆಟ್ಟೇ ಬೇಡ. ಎಲ್ಲಾ ಪುಕ್ಕಟೆ."

"ಮುದುಕಿಗೆ ಈ ವಯಸ್ಸಲ್ಲಿ ಹೊಸ ಕುಣಿತ ಕಲಿಸ್ತೀಯಾ?" ಎಂದು ಬೈದರೂ ಲೋಸೇಲಿ ಫೋನನ್ನು ಅವಳ ಮುಂದಕ್ಕೆ ತಳ್ಳಿದರು.

ಮರುದಿನ ಫುಸಿ ಫೋನು ಹಿಡಿದು ಶಾಲೆಯ ಹಿಂದಿನ ಮರದಡಿ ಒಬ್ಬಳೇ ಕೂತಳು. ಅವಳು ಅದನ್ನು ಹಿಂತಿರುಗಿಸಿದ ಮೇಲೆ ಲೋಸೇಲಿ ಕಾಲೋ ಪಕ್ಕ ಕೂತು, ಇಯರ್‌ಫೋನ್ ಹಾಕಿಕೊಂಡು ಕೇಳತೊಡಗಿದರು. ಎರಡಲ್ಲ, ನಾಲ್ಕು ನಿಮಿಷ! ಅಪ್ಪನ ದೋಣಿ, ಹಿಡಿದ ಮೀನು, ತಾನು ಕಲಿತ ನೃತ್ಯ, ಎಲ್ಲವೂ ಅರಳು ಹುರಿದಂತೆ ಇಂಗ್ಲಿಷಿನಲ್ಲಿ. ಕೊನೆಗೆ ದನಿ ಸಣ್ಣದಾಯಿತು.

"ಟೀಚರ್, ಹಿಂದಿನ ಬೆಂಚಲ್ಲಿ ಕೂರೋ ವಿಲಿಸೋನಿ ನಂಗೆ ಅಣ್ಣ ಆಗ್ಬೇಕು. ಅಮ್ಮನ ಚಿಕ್ಕಮ್ಮನ ಮೊಮ್ಮಗ. ಅವನೆದುರು ನನ್ನ ವಿಷಯ ನಾನೇ ಹೇಗೆ ಹೇಳ್ಕೊಳ್ಲಿ?"

ಲೋಸೇಲಿ ಹಣೆ ಚಚ್ಚಿಕೊಂಡರು. ಎಷ್ಟೇ ದೂರದ ಸಂಬಂಧವಾಗಲಿ, ತೋಂಗಾದಲ್ಲಿ ಅಣ್ಣನೆದುರು ತಂಗಿ ತನ್ನ ಬಗ್ಗೆ ಸಲಿಗೆಯಿಂದ ಮಾತಾಡುವಂತಿಲ್ಲ. ವಿಲಿಸೋನಿ ಬೇರೆ ದ್ವೀಪದಿಂದ ಈ ವರ್ಷವಷ್ಟೇ ಬಂದವನು. ಅವನ ಸಂಬಂಧವನ್ನು ಅವರು ವಿಚಾರಿಸಿಯೇ ಇರಲಿಲ್ಲ.

"ಅಯ್ಯೋ, ನನ್ನ ಬುದ್ಧಿಗಿಷ್ಟು! ನಮ್ಮಣ್ಣ ಬಂದ್ರೆ ನಾನು ಈಗ್ಲೂ ಟಿವಿ ಬಿಟ್ಟು ಎದ್ದು ಹೋಗ್ತೀನಿ. ಈ ಕೂಸನ್ನ ಮಾತ್ರ ಅಣ್ಣನ ಮುಂದೆ ನಿಲ್ಲಿಸಿ ಗದರಿದ್ನಲ್ಲೇ!" ಅವರ ಕಣ್ಣು ತುಂಬಿತು. ಮರುಕ್ಷಣವೇ ಹೆಮ್ಮೆ ಉಕ್ಕಿತು. "ಇರು, ಇಡೀ ತರಗತಿಗೆ ಕೇಳಿಸ್ತೀನಿ."

"ಅಕ್ಕಾ!" ಕಾಲೋ ತಡೆದಳು. "ಅಣ್ಣ ಅಲ್ಲೇ ಇರ್ತಾನಲ್ಲಾ! ಅವಳನ್ನ, ಅವಳ ಅಪ್ಪ ಅಮ್ಮನ್ನ ಕೇಳ್ದೆ ಆ ದನಿ ಯಾರಿಗೂ ಕೇಳಿಸ್ಬಾರ್ದು, ಕಳಿಸ್ಬಾರ್ದು."

ಲೋಸೇಲಿ ನಾಲಿಗೆ ಕಚ್ಚಿಕೊಂಡರು. ಫುಸಿಯನ್ನೂ ಮನೆಯವರನ್ನೂ ಕೇಳಿ, ಶುಕ್ರವಾರ ಮುಖ್ಯೋಪಾಧ್ಯಾಯರಿಗೆ ಅವರ ಕೋಣೆಯಲ್ಲೇ ಕೇಳಿಸಿದರು. ಅವರು ಒಪ್ಪಿದರು, ಫುಸಿ ಪಾಸಾದಳು. ಸುದ್ದಿ ಕೇಳಿ ಓಡಿಬಂದವಳು ಟೀಚರ ಕಿವಿಯಲ್ಲಿ ಇಂಗ್ಲಿಷಿನಲ್ಲೇ ಏನೋ ಪಿಸುಗುಟ್ಟಿದಳು. ಟೀಚರ್ ಅವಳನ್ನು ಬಾಚಿ ತಬ್ಬಿಕೊಂಡರು.

ಮೇಷ್ಟ್ರೇ, ಟೀಚರಮ್ಮಾ, ನಿಮ್ಮ ತರಗತಿಯಲ್ಲೂ ಬಾಯಿ ಬಿಡದ ಮಗುವೊಂದು ಇದ್ದೀತು. ಅದಕ್ಕೆ ಹಟಮಾರಿ ಎಂಬ ಹೆಸರಿಡಬೇಡಿ. ನಿಮ್ಮ ಕೈಯಲ್ಲಿರುವ ಫೋನಿನಿಂದ ಏನೇನು ಮಾಡಬಹುದೆಂದು ಗೊತ್ತಿದ್ದವರನ್ನು ಕೇಳಿ, ಕಲಿಯಿರಿ. ಕೇಳಲು ನಾಚಿಕೆಯೇ? ನಿಮಗೇ ಇಷ್ಟು ನಾಚಿಕೆಯಾದರೆ, ಪಾಪ, ಆ ಮಗುವಿಗೆ ಎಷ್ಟಾಗಬೇಡ!